ಒಂದೆಲಗದ ಎಣ್ಣೆ ಯಾರ ಕಾಲಿಗೆ?

ಜೀವ ಕೊಟ್ಟ ಶಿವನಿಗೆ ಶರಣು.

ಲಕಮನಹಳ್ಳಿಯಲ್ಲಿ ಆರೋಗ್ಯ ಸರ್ವೆಗೆಂದು ಮನೆಮನೆ ತಿರುಗುತ್ತಿದ್ದೆ. ಕಾಲಿನ ನರ ಉಬ್ಬಿ, ಮುಂದಿನ ಮನೆಗೆ ಹೋಗುವ ತ್ರಾಣ ಇರಲಿಲ್ಲ. ಗುರುತಿಲ್ಲದ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂಡಿಸಿ, ಒಂದೆಲಗ ಹಾಕಿ ಕಾಯಿಸಿದ ಎಳ್ಳೆಣ್ಣೆ ತಂದು ನನ್ನ ಕಾಲಿಗೇ ಕೈ ಹಾಕಿದರು. ಗಾಬರಿಯಾಗಿ ಕಾಲೆಳೆದುಕೊಂಡೆ.

"ಬ್ಯಾಡ್ರಿ ಅಮ್ಮಾ, ಹಿರ್ಯಾರು ಕಾಲು ಮುಟ್ಟಿದ್ರ ನನಗ ಪಾಪ ಬರ್ತದ."

"ನಿನ್ನ ಪಾಪ ಆ ಅಲ್ಲಾಹ ನೋಡ್ಕೋತಾನ. ಸುಮ್ಮ ಕುಂದರು ಬೇಟಿ."

ತಡೆಯಲಾರದೆ ಬಗ್ಗಿ ಅವರ ಪಾದಕ್ಕೆ ನಮಸ್ಕರಿಸಿದೆ. ಸೀರೆಯಂಚಿನ ಕೆಳಗೆ ನನ್ನವಕ್ಕಿಂತ ದಪ್ಪನೆಯ ನೀಲಿ ನರಗಳು!

"ನೀವ್ಯಾಕ ಹಚ್ಚಿಕೊಂಡಿಲ್ರಿ?"

"ಮಂದಿ ಕಾಲು ನಿಲುಕ್ತಾವ, ನನ್ನ ಕಾಲು ನನಗ ನಿಲುಕಂಗಿಲ್ಲ."

ಬಟ್ಟಲು ಕಸಿದುಕೊಂಡು ಅವರಿಗೆ ಮೆಲ್ಲಗೆ ಹಚ್ಚಿದೆ. ಅವರು ನನಗೆ ಹಚ್ಚಿದರು. ಆಮೇಲೆ ಜಾರುವ ಕಾಲಲ್ಲಿ ಇಬ್ಬರಿಗೂ ಏಳಲಾಗದೆ ನಗುತ್ತ ಕೂತೆವು. ಸರ್ವೆ ಅಲ್ಲಿಗೇ ನಿಂತಿತು.

ಇದನ್ನು ಕೇಳಿದ ನಿಮಗೆಲ್ಲ, ನಿಮಗೆ ನಿಲುಕದ ನೋವಿಗೆ ನಿಲುಕುವ ಕೈಯೊಂದನ್ನು ಶಿವ ಕರುಣಿಸಲಿ.