ಎದುರು ಮನೆಯ ಅಮ್ಮ ಮುಗಿಸದ ಆಟ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ. ಉಡುಪಿಯ ಹತ್ತಿರದ ನಮ್ಮೂರಿನಿಂದ ಮುಂಬೈಯ ಬಸ್ಸು ಹತ್ತಿದ ಮೇಲೆ ಮತ್ತೆ ಪುಸ್ತಕ ಹಿಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡ ಓದುತ್ತೇನೆ, ಬರೆಯುತ್ತೇನೆ, ಮರಾಠಿ ಬೋರ್ಡು ಓದುತ್ತೇನೆ. ಇಂಗ್ಲಿಷ್ ಓದಲು ಬರುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕಳೆದ ತಿಂಗಳು ಕಣ್ಣಿನ ಡಾಕ್ಟರು, ನನ್ನ ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ ಎಂದು ಒಂದು ಪುಟ್ಟ ಬಾಟಲಿ ಬರೆದುಕೊಟ್ಟರು. ಹನಿ ಹಾಕಿಕೊಂಡು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಗಂಟಲಿನಲ್ಲಿ ಕಹಿ ಇಳಿಯಿತು. ಆ ಕಹಿಯ ಹಿಂದೆಯೇ ಒಂದು ದನಿ ಬಂತು. "ಕಣ್ಣಿಗೆ ಹಾಕಿದ್ದು ನಾಲಿಗೆಗೆ ಬರುತ್ತೆ ನೋಡಿ. ದೇವರು ಒಳಗೆ ಎಲ್ಲಕ್ಕೂ ಒಂದೇ ಪೈಪು ಇಟ್ಟುಬಿಟ್ಟಿದಾನೆ." ತಮ್ಮ ಕಣ್ಣಿಗೆ ಹನಿ ಹಾಕಿಕೊಂಡಾಗೆಲ್ಲ ಎದುರು ಮನೆಯ ಅಮ್ಮ ಹಾಗೆ ಹೇಳುತ್ತಿದ್ದರು...

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರು. ಮೈಸೂರಿನವರು. ಮಗನಿಗೆ ಮುಂಬೈಯ ಫೋರ್ಟಿನಲ್ಲಿ ಹಣಕಾಸಿನ ಕಂಪನಿಯ ಕೆಲಸ. ಬೆಳಿಗ್ಗೆ ಲೋಕಲ್ ಹಿಡಿದರೆ ರಾತ್ರಿಯೇ ಬರುತ್ತಿದ್ದರು. ಮಗ, ಸೊಸೆ ಬೇರೆಯಾಗಿ ಎರಡು ವರ್ಷವಾಗಿತ್ತು. ಸೊಸೆ ಮೊಮ್ಮಗನನ್ನು ಕರೆದುಕೊಂಡು ನವಿ ಮುಂಬೈ ಕಡೆಯ ಕಾಮೋಠೆಗೆ ಹೋಗಿದ್ದರು. ಹೋದ ಹೊಸತರಲ್ಲಿ ಫೋನು ಇತ್ತು. ಆಮೇಲೆ ಫೋನು ಮಾಡಿದರೆ ಈ ಕಡೆಯದು ಆ ಕಡೆ, ಆ ಕಡೆಯದು ಈ ಕಡೆ ಆಗಿ, ಜಗಳ ಬೆಳೆದು, ಕೊನೆಗೆ ಎರಡೂ ಮನೆಯವರು ಸುಮ್ಮನಾದರು. ಡೊಂಬಿವಲಿಗೂ ಕಾಮೋಠೆಗೂ ಎಷ್ಟು ದೂರ? ನನ್ನ ಟೆಂಪೊ ವಾರಕ್ಕೆ ಎರಡು ಸಲ ಅಲ್ಲಿಯ ಒಂದು ಹೋಟೆಲಿಗೆ ಇಡ್ಲಿ ಹಿಟ್ಟು ಹಾಕಿ ಬರುತ್ತಿತ್ತು.

ಹಿಟ್ಟು ರುಬ್ಬುವುದು ನನ್ನ ಕಸುಬು. ಹೋಟೆಲಿನಲ್ಲಿ ಗ್ಲಾಸು ತೊಳೆದು, ಮಸಾಲೆ ಕಟ್ಟಿ, ಕೊನೆಗೆ ಬಿಲ್ಡಿಂಗಿನ ಕೆಳಗಿನ ಗಾಳೆಯಲ್ಲಿ, ಅಂದರೆ ಅಂಗಡಿ ಕೋಣೆಯಲ್ಲಿ, ಒಂದು ಗ್ರೈಂಡರ್ ಇಟ್ಟು ಸ್ವಂತದ್ದು ಶುರು ಮಾಡಿದವನು ನಾನು. ಯಾರ ಶಿಫಾರಸೂ ಇಲ್ಲ. ಬೆಳಗಿನ ಜಾವ ಹಂಚಿಕೆ, ಮಧ್ಯಾಹ್ನ ನೆನೆಹಾಕುವುದು, ಸಂಜೆ ಆರರ ಮೇಲೆ ರುಬ್ಬುವುದು. ಐದಕ್ಕೆ ಮಾತ್ರ ಸ್ವಲ್ಪ ಬಿಡುವು. ಆ ಹೊತ್ತಿನಲ್ಲಿ ಒಂದು ದಿನ, ಎರಡು ಸಾವಿರದ ಹದಿನೈದರ ಸುಮಾರಿಗೆ, ಅಮ್ಮನಿಗೆ ಹಿಟ್ಟು ಕೊಡಲು ಹೋದಾಗ ಅವರು ಟ್ಯಾಬನ್ನು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದರು.

"ಸ್ವಲ್ಪ ಇದೇನಿದೆ ನೋಡಿ ಹೇಳ್ತೀರೇನಪ್ಪ? ಬೇಗ."

ನೋಡಿದೆ. ಇಸ್ಪೀಟಿನಂಥ ಬಣ್ಣ ಬಣ್ಣದ ಎಲೆಗಳು, ಅವುಗಳ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರ. ಕನ್ನಡಕ ಗಾಳೆಯಲ್ಲಿ ಬಿಟ್ಟು ಬಂದೆ ಎಂದೆ. ನನಗೆ ಆಗ ಕನ್ನಡಕವೇ ಇರಲಿಲ್ಲ.

"ಓದೋದು ಬೇಡ. ಚಿತ್ರ ಏನಿದೆ ಹೇಳಿ, ಸಾಕು."

ಅವರಿಗೆ ಅರ್ಥವಾಗಿತ್ತೋ ಏನೋ. ಮತ್ತೆಂದೂ ಅವರು ನನ್ನನ್ನು ಓದು ಎನ್ನಲಿಲ್ಲ.

ಆ ಟ್ಯಾಬನ್ನು ಮಗ ಕೊಡಿಸಿದ್ದು ಹರಿಕಥೆ ಕೇಳಲು. ಅದರಲ್ಲಿ ಈ ಕಾರ್ಡಿನ ಆಟವನ್ನು ಹಾಕಿ, ಅಜ್ಜಿಗೆ ಕಲಿಸಿ ಹೋದವನು ಮೊಮ್ಮಗ. ಶಾಲೆ ಮುಗಿಸಿ ಟ್ಯೂಷನ್ನಿಗೆ ಹೋಗುವ ನಡುವೆ, ಐದು ಗಂಟೆಗೆ, ಅವನು ಕಾಮೋಠೆಯಿಂದ ಆಟಕ್ಕೆ ಬರುತ್ತಿದ್ದ. ಅಜ್ಜಿ ಡೊಂಬಿವಲಿಯಿಂದ. ಆಟದೊಳಗೆ ಮಾತಾಡುವ ಹಾಗಿರಲಿಲ್ಲ. ಒತ್ತಿದರೆ ಬರುವ ಐದಾರು ಸಿದ್ಧ ಮಾತು ಮಾತ್ರ: ನಮಸ್ಕಾರ, ಭೇಷ್, ಥ್ಯಾಂಕ್ಸ್, ಅಯ್ಯೋ, ಇಂಥವು. ಫೋನು ನಿಂತ ಮೇಲೆ ಅಜ್ಜಿ ಮೊಮ್ಮಗನ ಮಾತು ಅಷ್ಟೇ. ಈಗ ಕಣ್ಣು ಹೋಗುತ್ತಿತ್ತು. ಬೆಳಕು ಗೊತ್ತಾಗುತ್ತಿತ್ತು, ಆಕಾರ ಗೊತ್ತಾಗುತ್ತಿತ್ತು, ಕಾರ್ಡು ಗೊತ್ತಾಗುತ್ತಿರಲಿಲ್ಲ.

"ನಾನು ಬರದೇ ಹೋದ್ರೆ ಅಜ್ಜಿಗೂ ಬೇಡವಾದೆ ಅಂದ್ಕೊಳುತ್ತೆ ಮಗು," ಎಂದರು. ಆಟದ ವಿಷಯ ಮಗನಿಗೆ ಹೇಳಬೇಡಿ ಎಂದೂ ಸೇರಿಸಿದರು.

ಹೀಗೆ ನಾನು ಆಟ ಕಲಿತದ್ದು. ಇಸ್ಪೀಟು ನನಗೆ ಹೊಸದಲ್ಲ, ಹೋಟೆಲಿನ ಹುಡುಗರ ಜೊತೆ ಆಡಿದವನೇ. ಇದು ಬೇರೆ. ಇಲ್ಲಿ ರಾಜ, ರಾಣಿ, ಆಟಿನ್ ಇಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಕಟ್ಟನ್ನು ತಾವೇ ಕೂಡಿಸಿ ತರಬೇಕು. ಪ್ರತಿ ಸರದಿಗೆ ಪರದೆಯಲ್ಲಿ ಒಂದು ದೀಪ, ಅಂದರೆ ಕಾರ್ಡು ಇಳಿಸುವ ಶಕ್ತಿ, ಹೆಚ್ಚುತ್ತದೆ. ಕಾರ್ಡಿನ ಮೇಲಿನ ಮೂಲೆಯಲ್ಲಿ ಅದರ ಬೆಲೆ, ಕೆಳಗೆ ಒಂದು ಕಡೆ ಹೊಡೆಯುವ ಬಲ, ಇನ್ನೊಂದು ಕಡೆ ಅದರ ಜೀವ. ಆಡುವವರಿಗೂ ಒಂದೊಂದು ಜೀವ, ಅದು ಸೊನ್ನೆಯಾದರೆ ಸೋತ ಹಾಗೆ. ಅಂಕಿ ನನಗೆ ಬರುತ್ತಿತ್ತು. ಚಿತ್ರಕ್ಕೆ ಮಾತ್ರ ನನ್ನದೇ ಹೆಸರು.

"ಮೇಲೆ ಎಷ್ಟಿದೆ?"

"ನಾಲ್ಕು."

"ಚಿತ್ರ?"

"ಬಣ್ಣದ ವೇಷ, ಅಮ್ಮ."

"ಹಾಗಂದ್ರೆ ಏನ್ರಪ್ಪ?"

"ರಾಕ್ಷಸ. ಯಕ್ಷಗಾನದಲ್ಲಿ ಬರ್ತದಲ್ಲ, ದೊಡ್ಡ ಕಿರೀಟ, ಕೋರೆಹಲ್ಲು. ಕೈಯಲ್ಲಿ ಗದೆ ಉಂಟು."

"ಗದೆ ಇದ್ರೆ ಅವನು ಬಾಗಿಲು ಕಾಯೋನು. ರಾಕ್ಷಸ ಅಲ್ಲ, ಪಾಪ, ವಾಚ್‌ಮನ್. ಇಳಿಸಿ ಅವನ್ನ."

ಯಕ್ಷಗಾನದ ಎಳೆಯ ವೀರನ ಹಾಗೆ ಕುಣಿಯುತ್ತಾ ಬರುವ ಕತ್ತಿಯವನು ಪುಂಡು ವೇಷ. ತಂಬಿಗೆ ಹಿಡಿದು ಗಾಯ ವಾಸಿ ಮಾಡುವವಳು ಸ್ತ್ರೀವೇಷ. ಕೆಲವು ವಾರದಲ್ಲಿ ಮೈಸೂರಿನ ಅಮ್ಮನೇ "ಪುಂಡು ವೇಷ ಬಂತೇನ್ರಪ್ಪ?" ಎಂದು ಕೇಳುವ ಹಾಗಾಯಿತು. ಕೆಲವು ಆಟಕ್ಕೊಮ್ಮೆ ಒಂದು ಪ್ಯಾಕೆಟ್ ಸಿಗುತ್ತಿತ್ತು. ಬೆರಳಿಟ್ಟರೆ ಬಿಚ್ಚಿಕೊಂಡು, ಬೆನ್ನು ಮೇಲಾದ ಕಾರ್ಡುಗಳು, ಒಂದೊಂದರ ಅಡಿಯಲ್ಲಿ ಹೊಳಪು. ಬಿಳಿ ಹೊಳಪಿದ್ದರೆ ಮಾಮೂಲಿ, ಹಳದಿ ಇದ್ದರೆ ಅಪರೂಪದ್ದು. "ಯಾವ ಬಣ್ಣ?" ಎಂದು ಅವರು ಕೇಳುವಾಗ ನನಗೇ ಎದೆ ಹೊಡೆದುಕೊಳ್ಳುತ್ತಿತ್ತು.

ಈ ಕಾರ್ಡುಗಳೆಲ್ಲಾ ಎಲ್ಲಿರುತ್ತವೆ ಎಂದು ಒಮ್ಮೆ ಕೇಳಿದೆ. ಕಂಪನಿಯವರ ಹತ್ತಿರ ಎಂದರು.

"ಹಾಗಾದ್ರೆ ನಮ್ಮದು ಹೇಗಾಯ್ತಮ್ಮ?"

"ನೀವು ರುಬ್ಬಿದ ಹಿಟ್ಟು ನಿಮ್ಮ ಹತ್ರ ಇರುತ್ತಾ?"

ನನ್ನ ಹೆಂಡತಿಗೆ ಇದೆಲ್ಲಾ ತಮಾಷೆ. ಐದಾಗುತ್ತಲೇ ತುಳುವಿನಲ್ಲಿ ಶುರು. "ಇಸ್ಪೀಟ್ ಗೊಬ್ಬರೆ ಪೋಪರಾ?" ಇಸ್ಪೀಟು ಆಡಲು ಹೊರಟಿರಾ ಎಂದು. ಹೌದು ಎನ್ನುತ್ತಿದ್ದೆ. ಬೇರೆ ಯಾರಾದರೂ ಕೇಳಿದ್ದರೆ ಸಿಟ್ಟು ಬರುತ್ತಿತ್ತು.

ಒಂದೇ ವಿಷಯಕ್ಕೆ ನನಗೂ ಅಮ್ಮನಿಗೂ ಸರಿ ಬರುತ್ತಿರಲಿಲ್ಲ. ನಾನು ಕೆಲಸ ಮುಗಿಸಿ ಕೈ ತೊಳೆಯುವವನು. ಎದುರಿನವನ ಜೀವ ನಾಲ್ಕಕ್ಕೆ ಇಳಿದಿರುತ್ತಿತ್ತು, ನಮ್ಮ ಕೈಯಲ್ಲಿ ಹೊಡೆಯುವವನು ಇರುತ್ತಿದ್ದ. "ಹೊಡೆದು ಬಿಡುವಾ ಅಮ್ಮ" ಎಂದರೆ, "ಬೇಡ, ವಾಚ್‌ಮನ್ನನ್ನ ನಿಲ್ಲಿಸಿ" ಎನ್ನುತ್ತಿದ್ದರು. ಪ್ರತಿ ಸರದಿಗೂ ಹೊತ್ತು ನೋಡಲು ಒಂದು ಬತ್ತಿ ಉರಿಯುತ್ತಿತ್ತು. ಅದು ತುದಿ ಮುಟ್ಟುವವರೆಗೆ ಅವರು ಕೈಕಟ್ಟಿ ಕೂತಿರುತ್ತಿದ್ದರು. "ಹೊತ್ತಿಕೊಂಡಿತು ಅಮ್ಮ, ಮುಗೀತಾ ಬಂತು" ಎಂದು ನಾನು ಒದ್ದಾಡುತ್ತಿದ್ದೆ. ಕೊನೆಗೆ ಹೇಗೋ ಅವರೇ ಸೋಲುತ್ತಿದ್ದರು. ಅಷ್ಟು ಹೊತ್ತಿಗೆ ಹುಡುಗನ ಟ್ಯೂಷನ್ ಸಮಯ. ವಯಸ್ಸಾದವರು, ಹೆದರಿಕೆ, ಧೈರ್ಯ ಸಾಲದು ಎಂದುಕೊಂಡಿದ್ದೆ.

ಒಮ್ಮೆ ಅವರನ್ನು ಮಗ ಕಣ್ಣಿನ ಆಪರೇಷನ್ನಿಗೆ ಥಾಣೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋಗುವ ಮೊದಲು ಅಮ್ಮ ಟ್ಯಾಬನ್ನು ನನ್ನ ಕೈಯಲ್ಲಿಟ್ಟರು. "ಐದಕ್ಕೆ ಬರ್ತಾನೆ. ನೀವೇ ಆಡಿ. ನಾನಿಲ್ಲ ಅಂತ ಗೊತ್ತಾಗಬಾರದು."

ಗಾಳೆಯಲ್ಲಿ ಹಿಟ್ಟಿನ ಡಬ್ಬದ ಮೇಲೆ ಟ್ಯಾಬು ಒರಗಿಸಿ ಆಡಿದೆ. ಮೊದಲ ಸಲ ನನ್ನ ಇಷ್ಟದ ಆಟ. ವಾಚ್‌ಮನ್ನನ್ನು ಮುಟ್ಟಲೇ ಇಲ್ಲ. ಪುಂಡು ವೇಷ ಒಂದರ ಹಿಂದೆ ಒಂದು ಇಳಿಸಿದೆ, ನೇರ ಹೊಡೆದೆ. ಬತ್ತಿ ಹೊತ್ತಿಕೊಳ್ಳಲೂ ಬಿಡಲಿಲ್ಲ. ನೆನೆಹಾಕಿದ ಅಕ್ಕಿಯ ನೀರು ಬಸಿಯುವಷ್ಟರಲ್ಲಿ ಆಟ ಮುಗಿದಿತ್ತು. ಪರದೆ ತುಂಬ ಪಟಾಕಿ. ಇಂಗ್ಲಿಷ್ ಬಾರದವನು ಇಂಗ್ಲಿಷ್ ಆಟ ಗೆದ್ದೆ ಎಂದು ಎದ್ದು ನಿಂತೆ. ಹುಡುಗ ಭೇಷ್ ಎನ್ನಲಿಲ್ಲ. ಸುಮ್ಮನೆ ಹೊರಟುಹೋದ.

ಅಮ್ಮ ಪಟ್ಟಿ ಕಟ್ಟಿಕೊಂಡು ಬಂದಾಗ ಮೊದಲು ಹೇಳಿದ್ದೇ ಅದನ್ನು.

ಅವರು ಕೈ ಚಾಚಿ ಟ್ಯಾಬನ್ನು ತೆಗೆದುಕೊಂಡರು. ಆಮೇಲೆ, "ಗೆಲ್ಲೋಕೆ ಯಾರು ಆಡ್ತಿದ್ರಪ್ಪ," ಎಂದರು. "ಮುಗೀದೇ ಇರಲಿ ಅಂತ ಆಡ್ತಿದ್ದೆ. ಆಟ ಇರೋವಷ್ಟು ಹೊತ್ತು ತಾನೆ ಅವನು ನನ್ನ ಎದುರು ಕೂತಿರೋದು."

ಮರುದಿನ ಐದಕ್ಕೆ ಹುಡುಗ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಮ್ಮ ಒಂದು ಕಣ್ಣಿನ ಪಟ್ಟಿಯೊಂದಿಗೆ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಅವನ ಹೆಸರಿನ ಪಕ್ಕದ ಚುಕ್ಕೆ ಹಸಿರಾಯಿತೇ ಎಂದು ನನ್ನನ್ನು ಕೇಳುವುದು, ನಾನು ಇಲ್ಲ ಎನ್ನುವುದು. ಎರಡು ವಾರ ಹೀಗೆ. ಬೈದಿದ್ದರೆ ಒಳ್ಳೆಯದಿತ್ತು. "ಕಾಪಿ ಕುಡಿದು ಹೋಗಿ" ಎನ್ನುತ್ತಿದ್ದರು.

ಕಾಮೋಠೆಯ ಸರದಿಯ ದಿನ ಟೆಂಪೊ ನಾನೇ ತೆಗೆದುಕೊಂಡು ಹೋದೆ. ತೋಟದ ಎದುರಿನ ಹಳದಿ ಬಿಲ್ಡಿಂಗು, ಮೂರನೇ ಮಾಳಿಗೆ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದರು. ಓದಿದವರ ಬಾಗಿಲಲ್ಲಿ ನಿಂತು ಮಾತು ಹುಡುಕುವುದು ನನ್ನಿಂದಾಗದ ಕೆಲಸ. ಅದಕ್ಕೇ ಕೈಯಲ್ಲಿ ಒಂದು ಡಬ್ಬ ಹಿಟ್ಟು ಹಿಡಿದುಕೊಂಡೆ.

ಬಾಗಿಲು ತೆರೆದವರು ಸೊಸೆ. ಧಾರವಾಡದ ಕಡೆಯವರು.

"ಹಿಟ್ಟು ನಾವ್ ಹೇಳಿಲ್ಲಲ್ರಿ."

"ಡೊಂಬಿವಲಿಯಿಂದ ಬಂದೆ. ನಿಮ್ಮ ಅತ್ತೆಯವರ ಎದುರು ಮನೆ ನಮ್ಮದು."

ಮುಖ ಬಿಗಿಯಾಯಿತು. "ಅವರ ಕಳಿಸ್ಯಾರೇನು?"

"ಇಲ್ಲ. ಅವರಿಗೆ ಗೊತ್ತಿಲ್ಲ." ಹೇಳಬೇಕಾದದ್ದನ್ನು ಅಲ್ಲಿಯೇ ನಿಂತು ಹೇಳಿದೆ. ಕಣ್ಣಿನದು, ಐದು ಗಂಟೆಯದು, ನಾನು ಆಡಿದ ಆಟದ್ದು.

"ಕಣ್ಣ ಕಾಣಂಗಿಲ್ಲೇನು ಅವರಿಗೆ?" ಅವರು ಬಾಗಿಲ ಚಿಲಕ ಹಿಡಿದುಕೊಂಡರು. "ಮತ್ತ ದಿನಾ ಹೆಂಗ ಆಡ್ತಿದ್ರು?"

"ನಾನು ಚಿತ್ರ ಹೇಳ್ತಿದ್ದೆ."

"ಆಡೂದು ನನಗ ಗೊತ್ತಿತ್ರಿ. ಐದಕ್ಕ ಬಾಗಲಾ ಹಾಕ್ಕೊಂಡು ಕೂಡ್ತಿದ್ದ. ಯಾರ ಜೋಡಿ ಅಂತನೂ ಗೊತ್ತಿತ್ತು. ಸುಮ್ಮನಿದ್ದೆ." ಚಿಲಕ ಬಿಟ್ಟು, "ಪರೀಕ್ಷಾ ಮುಗಿಯೂತನಕ ಮೊಬೈಲ್ ನಾನ ಇಟ್ಕೊಂಡೀನಿ. ಅಷ್ಟರಿ. ಬ್ಯಾರೆ ಏನಿಲ್ಲ" ಎಂದರು.

ಎರಡು ವಾರದ ಭಾರ ಒಂದು ಮಾತಿಗೆ ಇಳಿಯಿತು.

ಒಳಗಿನಿಂದ ಹುಡುಗ ಬಂದು ತಾಯಿಯ ಹಿಂದೆ ನಿಂತಿದ್ದ. ಕನ್ನಡ ಅರ್ಥವಾಗುತ್ತಿತ್ತು, ಮಾತು ಹಿಂದಿ.

"ಅಂಕಲ್, ಉಸ್ ದಿನ್ ಆಪ್ ಥೇ ಕ್ಯಾ?"

ಆ ದಿನ ಆಡಿದ್ದು ನಾನೇ ಎಂದೆ.

"ಮುಝೆ ಲಗಾ ಹೀ ಥಾ. ಅಜ್ಜಿ ಐಸೇ ನಹೀಂ ಮಾರ್ತೀ." ಅಜ್ಜಿ ಹೀಗೆ ಹೊಡೆಯುವವಳಲ್ಲ ಎಂದು ಅವನಿಗೆ ಅನಿಸಿಯೇ ಇತ್ತು. ಆಮೇಲೆ ನೆಲ ನೋಡುತ್ತಾ ಹೇಳಿದ, "ಮೈ ಭೀ ತೋ ಖತಮ್ ನಹೀಂ ಕರ್ತಾ ಥಾ."

ತಾನೂ ಮುಗಿಸುತ್ತಿರಲಿಲ್ಲವಂತೆ. ಗೆಲ್ಲುವ ಕಾರ್ಡು ಕೈಯಲ್ಲಿಟ್ಟುಕೊಂಡು, ಟ್ಯೂಷನ್ನಿಗೆ ಹೊತ್ತಾಗುವವರೆಗೆ ಅವನೂ ಬತ್ತಿ ಉರಿಯಲು ಬಿಡುತ್ತಿದ್ದನಂತೆ. ಅಷ್ಟು ತಿಂಗಳು ಆ ಆಟ ಗೆಲ್ಲಬೇಕೆಂದು ಚಡಪಡಿಸಿದವನು ನಾನೊಬ್ಬನೇ.

ಹಿಟ್ಟಿನ ಡಬ್ಬವನ್ನು ಸೊಸೆ ತೆಗೆದುಕೊಂಡರು. ಬರುತ್ತೇವೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಸಂಜೆ ಬಂದರು. ಅಮ್ಮನ ಮಗ ಯಾವುದೋ ಕೆಲಸಕ್ಕೆ ಪಕ್ಕದ ಕಲ್ಯಾಣ್ ಊರಿಗೆ ಹೋಗಿದ್ದರು. ಅಮ್ಮ ಸೋಫಾದಲ್ಲಿ ಕೂತಿದ್ದರು, ಐದರ ಬಿಡುವಿಗೆ ನಾನೂ ಅಲ್ಲಿದ್ದೆ. ಆಪರೇಷನ್ನಿನಿಂದ ಹೆಚ್ಚೇನೂ ಆಗಿರಲಿಲ್ಲ. ಬಾಗಿಲ ಬೆಳಕಿನಲ್ಲಿ ಯಾರೋ ನಿಂತದ್ದು ಗೊತ್ತಾಯಿತು. ಹುಡುಗ "ಅಜ್ಜಿ" ಎಂದ. ದನಿ ಒಡೆದಿತ್ತು, ಅವರು ಕೇಳಿದ್ದ ದನಿ ಅದಲ್ಲ. ಅವರು ಅವನ ಕಡೆ ಕೈ ಚಾಚಲಿಲ್ಲ. ನನ್ನ ಕಡೆ ತಿರುಗಿದರು.

"ಹೇಗಿದಾನೆ, ಹೇಳ್ರಪ್ಪ."

ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. "ಎತ್ತರ ಆಗಿದ್ದಾನೆ ಅಮ್ಮ, ನನಗಿಂತ ಎತ್ತರ. ಸಪೂರ. ಮೀಸೆ ಈಗಷ್ಟೇ ಬರ್ತಾ ಉಂಟು. ಪುಂಡು ವೇಷವೇ."

"ಸರಿ, ಇಳಿಸಿ. ಇಲ್ಲಿ ಪಕ್ಕದಲ್ಲಿ ಕೂರಲಿ." ಅವರು ಸೋಫಾ ತಟ್ಟಿ ತೋರಿಸಿದರು. "ಹಿಂದೆ ಇನ್ನೊಬ್ಬರು ನಿಂತಿರೋ ಹಾಗಿದೆ."

"ಹೌದಮ್ಮ."

"ಹೊರಗ್ಯಾಕೆ ನಿಂತಿದಾಳೆ? ಚಪ್ಪಲಿ ಬಿಟ್ಟು ಒಳಗೆ ಬಾ ಅನ್ನಿ."

ನಾನು ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅಲ್ಲಿಂದ ಮುಂದೆ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮಗ ಸೊಸೆ ಒಂದಾಗಲಿಲ್ಲ, ಅದೇನೂ ಆಗಲಿಲ್ಲ. ಹುಡುಗ ಮಾತ್ರ ತಿಂಗಳಿಗೆ ಒಂದೆರಡು ಭಾನುವಾರ ಬರುತ್ತಿದ್ದ. ಬಂದವನು ಅಜ್ಜಿಯ ಪಕ್ಕದಲ್ಲೇ ಕೂತು, ಅವನ ಮೊಬೈಲಿನಲ್ಲಿ ಅವನು, ಟ್ಯಾಬಿನಲ್ಲಿ ಅಜ್ಜಿ. ಈಗ ಅಜ್ಜಿಯ ಕಾರ್ಡನ್ನೂ ಅವನೇ ಓದಿ ಹೇಳುತ್ತಿದ್ದ. ಎದುರಾಳಿಯೇ ನಮ್ಮ ಕೈ ನೋಡಿ ಹೇಳುವ ಆಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಳಿದ ದಿನಗಳ ಐದು ಗಂಟೆ ನನ್ನದೇ ಆಗಿತ್ತು. ನಾನೂ ಆತುರ ಬಿಟ್ಟಿದ್ದೆ...

ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು. ಜ್ವರ ಬಂದದ್ದು ನಾಲ್ಕು ದಿನ ಅಷ್ಟೇ. ಮಗ ಮನೆ ಮಾರಿ ಬೆಂಗಳೂರಿಗೆ ಹೋದರು. ಹುಡುಗ ಈಗ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಫೋನು ಮಾಡುತ್ತಾನೆ, ಕನ್ನಡದಲ್ಲಿಯೇ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾನೆ. ಆ ಆಟವನ್ನು ಕಂಪನಿಯವರೇ ನಿಲ್ಲಿಸಿಬಿಟ್ಟರಂತೆ, ಅವನೇ ಹೇಳಿದ್ದು. ಎಲ್ಲರ ಕಾರ್ಡೂ ಹೋಯಿತು. ಬೇರೆ ಆಟ ಬಂದಿವೆ, ಕಲಿಸುತ್ತೇನೆ ಅಂಕಲ್ ಎಂದ. ಬೇಡ ಎಂದೆ.

ಎದುರಿನ ಮನೆಗೆ ಬದಲಾಪುರದಿಂದ ಒಂದು ಸಂಸಾರ ಬಂದಿದೆ. ಒಳ್ಳೆಯವರು. ಅವರಿಗೆ ಪ್ಯಾಕೆಟ್ ಹಿಟ್ಟೇ ಆಗಬೇಕು.

ಈಗ ನನಗಿರುವುದು ಎರಡು ಗ್ರೈಂಡರ್, ಒಂದು ಟೆಂಪೊ, ಕೆಲಸಕ್ಕೆ ಮೂರು ಜನ, ಸ್ವಂತದ ಒಂದು ಮನೆ, ಹೆಂಡತಿ, ಮದುವೆಯಾದ ಒಬ್ಬಳು ಮಗಳು, ಮತ್ತು ಸಂಜೆ ಐದರಿಂದ ಆರರವರೆಗೆ ಒಂದು ಗಂಟೆ ಬಿಡುವು.