ಗುಸ್ಟ್ ತೊಳೆಯಲು ಹೋದ ಸಮಾಧಿ

ಗುಸ್ಟ್ ಕಾಯರ್ಸ್ ಸ್ಮಶಾನಕ್ಕೆ ಹೋಗುತ್ತಿದ್ದದ್ದು ವರ್ಷಕ್ಕೊಂದು ಸಲ, ಸತ್ತವರ ಸಮಾಧಿಗೆ ಹೂವಿಡುವ ನವೆಂಬರ್ ಒಂದರ ಸಕಲ ಸಂತರ ಹಬ್ಬ ಬಂದಾಗ. ಒಬ್ಬನೇ ಮಗನ ಸಮಾಧಿಗೂ ಇಷ್ಟು ಬಿಗುಮಾನವೇ ಅಂತ ಊರವರು ಆಡಿಕೊಂಡದ್ದುಂಟು. ಆಡಿಕೊಳ್ಳಲಿ ಬಿಡಿ, ಅವರ ಬಾಯಿಗೇನು ಬಾಡಿಗೆಯೇ? ಮಗ ಮುಳುಗಿದ ಕೆರೆಯನ್ನು ತೋಡಿದವನು ತಾನೇ ಅಂತ ಎದೆಯಲ್ಲಿಟ್ಟುಕೊಂಡು ತಿರುಗುವವನಿಗೇ ಗೊತ್ತು, ಆ ಗೇಟು ದಾಟುವ ಸಂಕಟ.

ನಮ್ಮೂರಿನ ಕೆರೆಗಳನ್ನು ದೇವರು ಮಾಡಿದ್ದಲ್ಲ, ಬಿಳಿ ಮರಳಿನ ಕಂಪನಿ ಮಾಡಿದ್ದು. ಗಾಜಿಗೆ ಇದಕ್ಕಿಂತ ಒಳ್ಳೆಯ ಮರಳಿಲ್ಲವಂತೆ. ಗುಸ್ಟ್ ಮೂವತ್ತೆಂಟು ವರ್ಷ ಡ್ರೆಜರ್ ದೋಣಿಯ ಮೇಲೆ ಕೂತು ಕೆರೆಯ ತಳದ ಮರಳು ಹೀರಿದವನು. ತಳದಲ್ಲಿ ಹೀರಿದಷ್ಟೂ ದಡ ಕುಸಿಯುತ್ತದೆ, ಕೆರೆ ಅಗಲವಾಗುತ್ತದೆ. ಅವನಪ್ಪನ ಮನೆಯಿದ್ದ ಬೀದಿಗೆ ಬೀದಿಯೇ ನೀರಿನಡಿ ಹೋಗಿದೆ. ಈಗ ಅದರ ಮೇಲೆ ಪ್ರವಾಸಿಗರು ಪೆಡಲ್ ದೋಣಿ ತುಳಿಯುತ್ತಾರೆ. ಮೂವತ್ತು ವರ್ಷದ ಹಿಂದೆ, ಜೂನ್ ತಿಂಗಳ ಸೆಕೆಯಲ್ಲಿ, ಹತ್ತೊಂಬತ್ತರ ಮಗ ದ್ರೀಸ್ ಈಜಲು ಹೋದ. ಅಪ್ಪ ಆ ವಾರವಷ್ಟೇ ಮರಳು ತೆಗೆದಿದ್ದ ದಡ ಅವನ ಕಾಲ ಕೆಳಗೆ ಜಾರಿತು. ನಾಲ್ಕು ದಿನ ಹುಡುಕಬೇಕಾಯಿತು.

ನಮ್ಮಲ್ಲಿ ಸತ್ತವರಿಗೂ ಜಾಗ ಅವಧಿಗೆ ಮಾತ್ರ. ಅವಧಿ ತೀರಿದರೆ ದುಡ್ಡು ಕಟ್ಟಿ ಮತ್ತೆ ಬರೆಸಬೇಕು, ಇಲ್ಲದಿದ್ದರೆ ಕಲ್ಲು ಕಿತ್ತು ನೆಲ ಸಮ ಮಾಡುತ್ತಾರೆ. ಆ ವಾರ ಗುಸ್ಟ್‌ಗೆ ಮನೆಯ ಹೊಸ್ತಿಲು ದಾಟಲಾಗಲಿಲ್ಲ. ಅವನಪ್ಪನೇ ಪುರಸಭೆಗೆ ಹೋಗಿ, ತನ್ನ ಹೆಸರಿನಲ್ಲಿ, ಮೂವತ್ತು ವರ್ಷಕ್ಕೆ ಬರೆಸಿ ಬಂದ. ಆಮೇಲೆ ಮುದುಕನೂ ಹೋದ. ಮೂವತ್ತು ವರ್ಷ ಅಂದರೆ ಆಗ ಎಲ್ಲರಿಗೂ ಎಂದೆಂದಿಗೂ ಅನ್ನುವ ಹಾಗೆ ಕೇಳಿಸಿತ್ತು.

ಈ ಸಲ ಹಬ್ಬಕ್ಕೆ ಮೂರು ದಿನವಿತ್ತು. ಎಪ್ಪತ್ತನಾಲ್ಕರ ಗುಸ್ಟ್ ಸೈಕಲ್ಲಿಗೆ ಬಕೆಟ್ಟು, ಬ್ರಶ್ಶು, ಸೋಪಿನ ಬಾಟಲಿ ಕಟ್ಟಿಕೊಂಡು ಎಂದಿನಂತೆ ಕೆರೆ ಕಡೆಯ ಹಿಂದಿನ ಗೇಟಿನಿಂದ ಒಳಗೆ ಬಂದ. ಊರಿಗೆ ಊರೇ ಕಲ್ಲು ಉಜ್ಜುತ್ತಿತ್ತು. ಡ್ರೆಜರ್‌ನಲ್ಲಿ ಜೊತೆಗಿದ್ದ ನಾಂಡ್ ಮಂಡಿಯೂರಿ ಅತ್ತೆಯ ಕಲ್ಲಿಗೆ ನೊರೆ ಬರಿಸುತ್ತಿದ್ದ.

"ನೋಡೋ ಗುಸ್ಟ್, ಬದುಕಿದ್ದಾಗ ಒಂದು ಲೋಟ ಕಾಫಿ ಕೊಟ್ಟವಳಲ್ಲ. ಈಗ ಇವಳಿಗೆ ನಾನು ಸ್ನಾನ ಮಾಡಿಸ್ಬೇಕು!" ಅಂದವನು ಗುಸ್ಟ್‌ನ ಬಕೆಟ್ಟು ನೋಡಿ ಬ್ರಶ್ಶು ಕೆಳಗಿಟ್ಟ. "ನೀನು... ಯಾರದ್ದು ತೊಳೆಯೋಕ್ಕೆ ಬಂದೆ?"

"ಯಾರದ್ದು ಅಂದ್ರೆ? ತಲೆ ಕೆಟ್ಟಿದ್ಯಾ ನಿನಗೆ?"

ಗುಸ್ಟ್ ಮುಂದೆ ನಡೆದ. ಗೋಡೆಯಿಂದ ನಾಲ್ಕನೇ ಸಾಲು. ಸಾಲೇ ಇರಲಿಲ್ಲ. ಏಳು ಸಮಾಧಿ ಇದ್ದಲ್ಲಿ ಬಿಳಿ ಮರಳು ಹರಡಿ ಕುಂಟೆ ಎಳೆದಿದ್ದರು. ಸಾಲು ತಪ್ಪಿದೆ ಅಂತ ವಾಪಸು ಗೋಡೆಗೆ ಹೋಗಿ ಮತ್ತೆ ಎಣಿಸಿದ. ಮೂರನೇ ಸಲ ಎಣಿಸುವಾಗ ನಾಂಡ್ ಬಂದು ತೋಳು ಹಿಡಿದ.

"ಸೆಪ್ಟೆಂಬರ್‌ನಲ್ಲೇ ತೆಗೆದ್ರು ಕಣೋ. ನೀನೇ ಬಿಟ್ಟುಕೊಟ್ಟೆ ಅಂದ್ಕೊಂಡೆ. ಹೇಗೆ ಕೇಳೋದು ಅಂತ..."

"ಬಿಟ್ಟುಕೊಡೋದಾ? ನಾನಾ?" ಗುಸ್ಟ್ ಬಕೆಟ್ಟು ಅಲ್ಲೇ ಬಿಟ್ಟು ಪುರಸಭೆಗೆ ಸೈಕಲ್ ತುಳಿದ.

ಪುರಸಭೆಯಲ್ಲಿ ಸ್ಮಶಾನದ ಕೆಲಸ ನೋಡುವವಳು ನಾಂಡ್‌ನ ಮಗಳು ಅನ್ನೆಲೀನ್. ಗುಸ್ಟ್‌ನ ತೊಡೆಯ ಮೇಲೆ ಆಡಿ ಬೆಳೆದ ಹುಡುಗಿ. ಕಡತ ತೆಗೆಯುವಾಗ ಅವಳ ಮುಖ ಬಾಡಿಹೋಗಿತ್ತು.

"ಕಾಗದ ಕಳಿಸಿದ್ವಿ ಗುಸ್ಟ್ ಮಾಮ. ಜಾಗ ಬರೆಸಿದವರ ಹೆಸರಿಗೆ, ಪುಸ್ತಕದಲ್ಲಿದ್ದ ವಿಳಾಸಕ್ಕೆ. ಅದು ವಾಪಸ್ ಬಂತು."

ಲಕೋಟೆ ನೋಡಿದ. ಸತ್ತುಹೋದ ಅಪ್ಪನ ಹೆಸರು, ಮುಳುಗಿಹೋದ ಬೀದಿ. "ಕೆರೆಯೊಳಕ್ಕೆ ಹಾಕಿದ್ರಾ ಟಪಾಲನ್ನ?" ಅಂತ ಗುಸ್ಟ್ ನಕ್ಕ. ನಗು ನಿಲ್ಲಲೇ ಇಲ್ಲ. ಅವಳು ಗಾಬರಿಯಾಗಿ ನೀರು ತಂದುಕೊಟ್ಟಳು.

"ಕಾನೂನು ಪ್ರಕಾರ ಸಮಾಧಿ ಹತ್ರಾನೂ ಹೋದ ವರ್ಷ ಹಬ್ಬಕ್ಕೆ ಮೊದಲೇ, ಅವಧಿ ತೀರುತ್ತೆ ಅಂತ ಚೀಟಿ ಹಾಕಿದ್ವಿ ಮಾಮ. ಮುಂದಿನ ಗೇಟಿನ ಹಲಗೆ ಮೇಲೂ ಇತ್ತು. ಫೋಟೋ ಇದೆ, ನೋಡಿ."

ಫೋಟೋದಲ್ಲಿ ದ್ರೀಸ್‌ನ ಕಲ್ಲು. ಅದರ ಬುಡಕ್ಕೆ ಒಂದು ಗೂಟ, ಗೂಟಕ್ಕೆ ಪ್ಲಾಸ್ಟಿಕ್ಕಿನೊಳಗಿನ ಚೀಟಿ. ಚೀಟಿಯ ಮುಂದೆ, ಅದನ್ನು ನುಂಗಿಕೊಂಡು ನಿಂತ ಹಾಗೆ, ಚಕ್ರದಷ್ಟು ದೊಡ್ಡ ಹಳದಿ ಸೇವಂತಿಗೆ. ಗುಸ್ಟ್ ಇಟ್ಟದ್ದೇ. ಡ್ರೆಜರ್ ಕೆಲಸದವರ ಮನೆಗಳಿಗೆ ಹಬ್ಬದ ಹೂಕುಂಡದ ವಿಷಯದಲ್ಲಿ ಪೈಪೋಟಿ. ಹೋದ ವರ್ಷ ಇಬ್ಬರು ಹೊರುವಂಥ ಕುಂಡ ತಂದಿದ್ದ. ಶನಿವಾರ ಇಟ್ಟುಹೋದ, ಮಂಗಳವಾರ ಪುರಸಭೆಯ ಆಳು ಬಂದು ಅದರ ಹಿಂದೆ ಗೂಟ ನೆಟ್ಟಿದ್ದಾನೆ. ಹಬ್ಬದ ದಿನ ಗುಸ್ಟ್ ಹೆಂಡತಿ ಇರ್ಮಾಳ ಗಾಲಿಕುರ್ಚಿಯ ಹಿಂದೆ ನಿಂತು ಚರ್ಚಿನ ಗೋಪುರದ ಗಡಿಯಾರ ನೋಡುತ್ತಿದ್ದ. ಇರ್ಮಾ ಜೊತೆಗಿದ್ದಾಗ ಆ ಕಲ್ಲನ್ನು ನೋಡುವ ಧೈರ್ಯ ಅವನಿಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಕಲ್ಲಾದ್ರೂ ಕೊಡು ಮಗಳೇ. ಹಿತ್ತಲಲ್ಲಿ ಇಟ್ಟುಕೊಳ್ತೀನಿ."

"ಒಡೆದಾಯ್ತು ಮಾಮ."

"ಅವನು?"

"ಮೂಲೆಯ ಹುಲ್ಲಿನಡಿ ಸೇರಿಸಿದ್ದಾರೆ. ಬೇರೆಯವರ ಜೊತೆ. ಗುರುತು ಇಡೋದಿಲ್ಲ."

ಗುಸ್ಟ್ ಮೇಜು ಗುದ್ದಿದ. "ಆ ಗಾಜಿನ ಕಾರ್ಖಾನೆ ಧಣಿ ನೂರು ವರ್ಷದಿಂದ ಬಿದ್ದಿದ್ದಾನಲ್ಲ, ತಲೆ ಮೇಲೆ ರೆಕ್ಕೆ ಮುರಿದ ದೇವದೂತನ್ನ ಕೂರಿಸ್ಕೊಂಡು! ಅವನಿಗೆ ಅವಧಿ ಇಲ್ವಾ?"

"ಅದು ಪಾರಂಪರಿಕ ಪಟ್ಟಿಯಲ್ಲಿದೆ ಮಾಮ."

"ನನ್ನ ಮಗ ಯಾವ ಪಟ್ಟಿಯಲ್ಲಿದ್ದಾನೆ? ಹೇಳೇ!"

ಅನ್ನೆಲೀನ್ ಅಳತೊಡಗಿದಳು. ಅವಳನ್ನು ಅಳಿಸಿದ್ದೊಂದೇ ಬಂದ ಲಾಭ.

ಹೋದದ್ದು ಹೋಯಿತು, ಇರ್ಮಾಗೆ ಹೇಳುವುದು ಹೇಗೆ? ಸೊಂಟ ಬಿದ್ದುಹೋದ ಮೇಲೆ ಅವಳು ಮನೆಯಿಂದ ಮನಸ್ಸಿಟ್ಟು ಹೊರಡುತ್ತಿದ್ದದ್ದು ಹಬ್ಬದ ಆ ಒಂದು ದಿನ. ಹೋಗಿ, ಕುರ್ಚಿಯಿಂದ ಬಾಗಿ, ಮಗನ ಹೆಸರಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಆಗಲೇ ಕರಿ ಕೋಟು ಇಸ್ತ್ರಿಯಾಗಿ ಬಾಗಿಲಿಗೆ ನೇತಾಡುತ್ತಿತ್ತು. ಇದು ಗೊತ್ತಾದರೆ ಅವಳು ಉಳಿಯುವುದಿಲ್ಲ, ಖಂಡಿತ ಉಳಿಯುವುದಿಲ್ಲ ಅಂತ ಗುಸ್ಟ್‌ಗೆ ಅನ್ನಿಸಿತು.

ಮಳೆ ಬರುತ್ತದಂತೆ ಅಂದ. ಕೊಡೆ ಇದೆ ಅಂದಳು. ನೆಗಡಿ ಅಂದ. ಟೋಪಿ ಹಾಕ್ಕೋ ಅಂದಳು. ಕೊನೆಗೆ ಹಬ್ಬದ ಬೆಳಿಗ್ಗೆ, ಎಪ್ಪತ್ತನಾಲ್ಕರ ಮುದುಕ, ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಂಡತಿಯ ಕುರ್ಚಿಯ ಗಾಲಿಯಿಂದ ಗಾಳಿ ತೆಗೆದ. ಅವನ ಗತಿ ಅಲ್ಲಿಗೆ ಬಂದಿತ್ತು. ಎದ್ದು ತಿರುಗಿದರೆ ಇರ್ಮಾ ಊರುಗೋಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಕರಿ ಕೋಟು ತೊಟ್ಟು.

"ಏನಾಗಿದೆ ನಿನಗೆ ಗುಸ್ಟ್? ಯಾಕೆ ನನ್ನನ್ನ ಕರ್ಕೊಂಡು ಹೋಗಲ್ಲ?"

ಆಗ ಹೇಳಿದ. ನೆಲ ನೋಡುತ್ತಾ, ಗೂಟ, ಚೀಟಿ, ಸೇವಂತಿಗೆ, ಒಡೆದ ಕಲ್ಲು, ಎಲ್ಲ ಹೇಳಿದ. "ನಾನೇ ಮುಚ್ಚಿದೆ ಕಣೇ. ನನ್ನ ಕೈಯಿಂದಲೇ. ಎರಡು ಸಲವೂ ನನ್ನ ಕೈಯಿಂದಲೇ."

ಇರ್ಮಾ ಬಾಗಿಲು ಹಿಡಿದುಕೊಂಡಳು.

"ಆ ಚೀಟಿ ನಾನು ಓದಿದ್ದೆ," ಅಂದಳು.

"ಏನು?"

"ಹೋದ ವರ್ಷವೇ. ಕುರ್ಚಿಯಲ್ಲಿ ಕೂತವಳಿಗೆ ಹೂವಿನ ಪಕ್ಕದಿಂದ ಕಾಣ್ತಿತ್ತು. ನನಗೆ ಗೊತ್ತಾಗಬಾರದು ಅಂತ ನೀನೇ ಹೂವು ಅಡ್ಡ ಇಟ್ಟಿದ್ದೀಯ ಅಂದ್ಕೊಂಡೆ. ಹೋಗಿ ಬರೆಸಿಕೊಂಡು ಬಂದಿರ್ತೀಯ, ಪಾಪ, ಅವನ ಮಾತೆತ್ತಿದ್ರೆ ನಿನಗೆ ಆಗಲ್ಲ ಅಂತ... ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಗುಸ್ಟ್."

ಆಮೇಲೆ ಗುಸ್ಟ್ ಪಂಪು ತಂದು ಗಾಲಿಗೆ ಗಾಳಿ ತುಂಬಿದ. ಕೋಟಿನ ಮೇಲಿನ ಗುಂಡಿ ಹಾಕಲು ಅವಳಿಗೆ ಆಗಲಿಲ್ಲ, ಅವನೇ ಹಾಕಿದ.

ಸ್ಮಶಾನದ ತುಂಬ ಜನ, ಹೂವು. ಇವರು ಬರುವುದನ್ನು ಕಂಡು ನಾಂಡ್ ಟೋಪಿ ತೆಗೆದು ಪಕ್ಕಕ್ಕೆ ಸರಿದ. ಮೂಲೆಯಲ್ಲಿ ಟೆನ್ನಿಸ್ ಅಂಗಳದಷ್ಟು ಹುಲ್ಲು, ನೀಟಾಗಿ ಕತ್ತರಿಸಿದ್ದು. ಒಂದು ಕಲ್ಲಿಲ್ಲ, ಕಡ್ಡಿಯಿಲ್ಲ. ಗುಸ್ಟ್ ಕುರ್ಚಿ ನಿಲ್ಲಿಸಿ, ಈ ಸಲ ಅವಳ ಪಕ್ಕಕ್ಕೆ ಬಂದು ನಿಂತ.

ಇರ್ಮಾ ಆ ತುದಿಯಿಂದ ಈ ತುದಿಯವರೆಗೆ ಹುಲ್ಲನ್ನು ನೋಡಿದಳು. ಮತ್ತೆ ಈ ತುದಿಯಿಂದ ಆ ತುದಿಗೆ. ಬೆರಳು ಮಡಿಲಲ್ಲಿ ತಡಕಾಡುತ್ತಿತ್ತು.

"ಎಲ್ಲಿ ನೋಡಲಿ ಗುಸ್ಟ್?" ಅಂದಳು. "ಎಲ್ಲಿ ನೋಡಲಿ, ಹೇಳು."

ಗುಸ್ಟ್ ಕೈಯೆತ್ತಿದ. ಎತ್ತ ತೋರಿಸಬೇಕೋ ತಿಳಿಯದೆ ಇಳಿಸಿದ.