ಬಾಗಲೂರಿಗೆ ಹೊರಟ ವಸೂಲಿಯವನು

ಗೊರಗುಂಟೆಪಾಳ್ಯದಲ್ಲಿ ನನ್ನ ಆಟೊ ಹತ್ತಿದವನು ಸಾಲ ವಸೂಲಿಯವನು. ಬಾಗಲೂರಿನ ಫ್ಯಾಕ್ಟರಿಗೆ ಹೋಗಬೇಕೆಂದ. ದಾರಿಯಲ್ಲಿ ಫೋನಿನ ಸ್ಪೀಕರ್ ಹಾಕಿ ಒಬ್ಬ ಹೆಂಗಸನ್ನು ಬೆದರಿಸತೊಡಗಿದ.

"ಗೇಟಿಗೇ ಬರ್ತಿದೀನಿ. ಎಲ್ಲರ ಮುಂದೆ ನಿನ್ ಮಾನ ಕಳೀತೀನಿ."

"ಬ್ಯಾಡ್ರೀ ಸರ, ಕೆಲಸ ಹೋಗ್ತೈತ್ರಿ. ಪಗಾರ ಆದಕೂಡ್ಲೆ ಕಟ್ತೀನ್ರಿ." ಆಕೆ ಅಳುತ್ತಿದ್ದಳು.

ನಾನು ಹೇಳಿದೆ: "ಕೊಟ್ಟ ಸಾಲ ವಾಪಸ್ ಕೇಳು. ಮಾನ ಕಳೆಯೋ ಹಾಗಿಲ್ಲ. ಕಾನೂನಿದೆ."

"ತಾತ, ನೀನು ಗಾಡಿ ಓಡ್ಸು."

ಓಡಿಸಿದೆ. ಯಲಹಂಕದಲ್ಲಿ ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿದೆ.

"ಈಗ ಹೇಳಿದ್ದನ್ನೇ ಒಳಗೆ ಹೋಗಿ ಹೇಳು. ಆಮೇಲೆ ಬಾಗಲೂರಿಗೆ ಬಿಡ್ತೀನಿ."

ಫೋನಿನ್ನೂ ಚಾಲೂ ಇತ್ತು. "ಹೆದರಬೇಡಮ್ಮ, ಇಂಥವರ ಮೇಲೆ ನೀನೂ ದೂರು ಕೊಡಬಹುದು" ಎಂದು ಗಟ್ಟಿಯಾಗಿ ಹೇಳಿದೆ.

ಅವನು ಇಳಿದು, ಬಂದ ದಾರಿಯಲ್ಲೇ ಬಿರಬಿರನೆ ನಡೆದ.

ಮೀಟರ್ ದುಡ್ಡು ಕೊಡಲಿಲ್ಲ. ಅದಕ್ಕಾಗಿ ಅವನ ಮನೆ ಮುಂದೆ ಹೋಗಿ ಕೂಗಾಡುವ ಯೋಚನೆ ನನಗಿಲ್ಲ.